ಕತ್ತರಿಸಿ ತೆಗೆದ ಮನುಷ್ಯ

ಜನವರಿ ತಿಂಗಳ ಎರಡನೆಯ ಭಾನುವಾರ ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ ಶಿಕಾರಿಪುರದ ಸಂತೆಬಯಲು ಪೊಲೀಸ್ ಠಾಣೆಗೆ ಒಂದು ದೂರು ಬಂತು. ದೂರು ತಂದವನು ಸೊರಬದ ವೈಭವ್, ವಯಸ್ಸು ಮೂವತ್ತು, ಕಸುಬು ಛಾಯಾಗ್ರಹಣ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ಘಟ್ಟದ ರೈಲುದಾರಿಯಲ್ಲಿ ವರ್ಷಗಟ್ಟಲೆ ಅಲೆದು ತೆಗೆದ ಚಿತ್ರಗಳನ್ನು ಅವನು ಶಿಕಾರಿಪುರದ ಒಂದು ಸಭಾಭವನದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದ. ಉದ್ಘಾಟನೆ ಹಿಂದಿನ ದಿನವಷ್ಟೇ ಆಗಿತ್ತು. ಭಾನುವಾರ ಕಾವಲುಗಾರ ಊಟಕ್ಕೆ ಹೋದ ಹೊತ್ತಿನಲ್ಲಿ ಯಾರೋ ಹಿಂಬಾಗಿಲಿನಿಂದ ನುಗ್ಗಿ ಚಿತ್ರಗಳನ್ನೆಲ್ಲ ಕತ್ತರಿಸಿ ಹಾಕಿದ್ದಾರೆ ಎಂಬುದು ದೂರಿನ ಸಾರ.

ದೂರು ಓದಿ ಮುಗಿಸುವಷ್ಟರಲ್ಲಿ ಸಬ್ ಇನ್ಸ್‌ಪೆಕ್ಟರ್ ನಯನಳ ಮೊಬೈಲು ಮೂರು ಸಲ ಬಡಿದುಕೊಂಡಿತು. ವೈಭವನ ತಂದೆ ರಘುಪತಿ ಸೊರಬದಲ್ಲಿ ದೊಡ್ಡ ಜಮೀನುದಾರರು. ಮೂರೂ ಕರೆಗಳು ಅವರ ಪರವಾಗಿಯೇ. "ದೊಡ್ಡವ್ರ ಮನೆ ಹುಡುಗ ಮೇಡಂ, ಸ್ವಲ್ಪ ಮುತುವರ್ಜಿ ವಹಿಸಿ" ಎಂದು ಮೂವರೂ ಒಂದೇ ಮಾತನ್ನು ಹೇಳಿದರು. ನಯನ ಮೂವರಿಗೂ "ಆಯ್ತು" ಎಂದಳು. ಒಳಗೆ ಕುದಿಯುತ್ತಿದ್ದಳು. ಹೋದ ತಿಂಗಳು ಗಂಡನ ಏಟಿಗೆ ಕಿವಿ ಹರಿದುಕೊಂಡು ಬಂದ ಹೆಂಗಸೊಬ್ಬಳು ಇದೇ ಬೆಂಚಿನ ಮೇಲೆ ಕೂತಿದ್ದಳು. ಅವಳ ಪರವಾಗಿ ಒಂದೂ ಫೋನು ಬಂದಿರಲಿಲ್ಲ.

ಎಫ್‌ಐಆರ್ ದಾಖಲಾಯಿತು. ನಾಲ್ಕು ಗಂಟೆಗೆ ನಯನ, ಹೆಡ್ ಕಾನ್‌ಸ್ಟೆಬಲ್ ಪಂಚಾಕ್ಷರಪ್ಪ ಮತ್ತು ಮಹಿಳಾ ಕಾನ್‌ಸ್ಟೆಬಲ್ ವಾಣಿಶ್ರೀ ಪಂಚರನ್ನು ಕರೆದುಕೊಂಡು ಸಭಾಭವನಕ್ಕೆ ಹೋದರು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಸುರಂಗದಿಂದ ಹೊರಬರುತ್ತಿದ್ದ ಮಂಗಳೂರಿನ ಪ್ಯಾಸೆಂಜರ್ ರೈಲು ನಡುವೆ ಸೀಳಿ ಎರಡು ತುಂಡಾಗಿ ಜೋತು ಬಿದ್ದಿತ್ತು. ತೈಲದ ಟ್ಯಾಂಕುಗಳ ಉದ್ದನೆಯ ಗೂಡ್ಸ್ ರೈಲು ನೆಲದ ಮೇಲೆ ಪಟ್ಟಿಪಟ್ಟಿಯಾಗಿ ಹರಡಿತ್ತು. ಕತ್ತರಿಸಿದವರ ಕೈ ಎಲ್ಲೂ ತಡೆದಿರಲಿಲ್ಲ. ಕೆಳಗಿನಿಂದ ಮೇಲಕ್ಕೆ, ಸಿಕ್ಕಸಿಕ್ಕ ಹಾಗೆ ಎಳೆದಿದ್ದರು.

ವಾಣಿಶ್ರೀ ಒಂದು ಚೂರನ್ನು ಎತ್ತಿ ಮೂಸಿ ನೋಡಿದಳು. "ಮೇಡಂ, ಕುರಿ ವಾಸನೆ. ಅಂಚಿನಾಗೆ ಉಣ್ಣೆ ಎಳೆ ಅಂಟೈತಿ ನೋಡ್ರಿ. ಇದು ಉಣ್ಣೆ ಕತ್ತರಿಸೋ ಕತ್ತರಿ."

"ಪಂಚನಾಮೆಯಲ್ಲಿ ಬರೀರಿ" ಎಂದು ನಯನ ಪಂಚಾಕ್ಷರಪ್ಪನಿಗೆ ಹೇಳಿ ಹಿಂದಿನ ಗೋಡೆಯ ಕಡೆ ನಡೆದಳು.

ಅಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ, ಮರದ ಚೌಕಟ್ಟಿನಲ್ಲಿ. ಮೂಲೆಯಲ್ಲಿ ಬಹುಮಾನದ ಕೆಂಪು ರಿಬ್ಬನ್ನು. ಕೆಳಗೆ 'ಒಂಟಿ ದಾರಿ' ಎಂಬ ಶೀರ್ಷಿಕೆ. ಮಳೆಗಾಲದ ಮಂಜು, ಕಣಿವೆ, ಒಂದು ಸೇತುವೆ. ಆ ಚಿತ್ರದ ಮೇಲೆ ಒಂದು ಗೀರೂ ಇರಲಿಲ್ಲ. ಸೇತುವೆಯ ನಡುಮಧ್ಯೆ ಮಾತ್ರ ಅಂಗೈಯಗಲದ ಒಂದು ತೂತು. ಸುತ್ತಲೂ ನಿಧಾನವಾಗಿ, ಮೂಲೆ ಹರಿಯದ ಹಾಗೆ ಕತ್ತರಿಸಿ ತೆಗೆದಿದ್ದರು.

"ಇಲ್ಲಿ ಏನಿತ್ತು?" ನಯನ ಕೇಳಿದಳು.

"ಎಂಥ ಇಲ್ಲ ಮೇಡಂ. ಹಳಿ ಅಷ್ಟೇ" ಎಂದ ವೈಭವ್.

"ಬರೀ ಹಳಿಯನ್ನ ಇಷ್ಟು ಜೋಪಾನವಾಗಿ ಕತ್ತರಿಸ್ತಾರಾ?"

"ಹುಚ್ಚರಿಗೆ ಏನು ಹೇಳೋದು? ಹೊಟ್ಟೆಕಿಚ್ಚು ಮೇಡಂ. ಬಹುಮಾನ ಬಂದ ಮೇಲೆ ತುಂಬ ಜನಕ್ಕೆ ಕಣ್ಣು."

"ಯಾರ ಮೇಲಾದ್ರೂ ಅನುಮಾನ?"

"ಇಲ್ಲ."

ತೂತಿನ ಮೇಲಿಂದ ಅವನ ದೃಷ್ಟಿ ಜಾರಿ ಜಾರಿ ಪಕ್ಕದ ಗೋಡೆಗೆ ಹೋಗುತ್ತಿತ್ತು. ನಯನ ಮಾತು ಬದಲಿಸಿ ಪಕ್ಕದ ಹರಿದ ಚಿತ್ರವನ್ನು ತೋರಿಸಿದಳು. ಮೂರು ಎಂಜಿನ್‌ಗಳು, ಹಿಂದೆ ಒಂದು ಡಬ್ಬಿಯೂ ಇಲ್ಲ.

"ಇದೇನು, ಬರೀ ಎಂಜಿನ್?"

ಅವನ ಮುಖ ಅರಳಿತು. "ಅದು ತಳ್ಳೋ ಎಂಜಿನ್ ಮೇಡಂ. ಗೂಡ್ಸ್ ರೈಲು ಒಂದೇ ಎಂಜಿನ್‌ನಲ್ಲಿ ಘಟ್ಟ ಹತ್ತೋದಿಲ್ಲ. ಹಿಂದಿನಿಂದ ಇವು ತಳ್ತವೆ. ಮೇಲೆ ಬಿಟ್ಟು ಖಾಲಿ ಇಳೀತವೆ. ಟೈಮ್‌ಟೇಬಲ್‌ನಲ್ಲಿ ಇರೋದಿಲ್ಲ, ಯಾರಿಗೂ ಗೊತ್ತಾಗೋದಿಲ್ಲ. ನಂಗೆ ಮಾತ್ರ ಬಾಯಿಪಾಠ. ಗೂಡ್ಸ್ ಹತ್ತಿದ ಒಂದು ಗಂಟೆಯೊಳಗೆ ಇವು ವಾಪಸ್."

"ಒಳ್ಳೇದು" ಎಂದಳು ನಯನ. "'ಒಂಟಿ ದಾರಿ' ಚಿತ್ರದ ಮೂಲ ಪ್ರತಿ ಬೇಕು. ನಾಳೆ ತಂದುಕೊಡಿ."

"ಅದು... ಹಾರ್ಡ್ ಡಿಸ್ಕ್ ಕೆಟ್ಟಿದೆ ಮೇಡಂ."

ಅವಳು ಮತ್ತೆ ಕೇಳಲಿಲ್ಲ. ಹೊರಗೆ ಕಾವಲುಗಾರ ಒಂದು ಮಾತು ಹೇಳಿದ. ಊಟಕ್ಕೆ ಹೊರಡುವಾಗ ಹಸಿರು ಸೀರೆ ಉಟ್ಟ ನಡುವಯಸ್ಸಿನ ಹೆಂಗಸೊಬ್ಬಳು ಕೈಯಲ್ಲಿ ಗೋಣಿಚೀಲ ಹಿಡಿದು ಗೇಟಿನ ಎದುರು ಕೂತಿದ್ದಳಂತೆ. "ಚಿತ್ರ ನೋಡ್ತೀಯೇನಮ್ಮ" ಎಂದು ಕೇಳಿದ್ದಕ್ಕೆ "ನಿನ್ನೆನೇ ನೋಡೀನಿ" ಎಂದಳಂತೆ. ಪಂಚಾಕ್ಷರಪ್ಪ ಆ ಹೇಳಿಕೆಯನ್ನು ಬರೆಯುತ್ತ ಬರೆಯುತ್ತ ಪೆನ್ನು ನಿಲ್ಲಿಸಿದ. ನಯನ ಅದನ್ನು ಗಮನಿಸಿದಳು. ಕಾರಣ ಗೊತ್ತಾಗಲಿಲ್ಲ.

ಸೋಮವಾರ ಬೆಳಗ್ಗೆ ಹತ್ತಕ್ಕೆ ಅವಳು ಚಿತ್ರಗಳನ್ನು ಮುದ್ರಿಸಿದ್ದ ಫ್ಲೆಕ್ಸ್ ಅಂಗಡಿಗೆ ಹೋದಳು. ವೈಭವ್ ಕೊಟ್ಟಿದ್ದ ಚಿತ್ರಗಳೆಲ್ಲ ಅಂಗಡಿಯ ಕಂಪ್ಯೂಟರಿನಲ್ಲಿ ಹಾಗೆಯೇ ಇದ್ದವು. ಅಂಗಡಿಯವನು 'ಒಂಟಿ ದಾರಿ'ಯನ್ನು ಪರದೆಯ ತುಂಬ ತೆರೆದ. "ಎಂಥಾ ಫೋಟೋ ಅಲ್ರೀ ಮೇಡಂ" ಎಂದು ತಾನೇ ಮೆಚ್ಚಿಕೊಂಡ.

ತೂತಿದ್ದ ಜಾಗದಲ್ಲಿ ಒಬ್ಬ ಮನುಷ್ಯನಿದ್ದ. ತಲೆಯಿಂದ ಕರಿಕಂಬಳಿಯ ಕೊಪ್ಪೆ ಹೊದ್ದು, ಹಳಿಗಳ ನಡುವೆ, ಚಿತ್ರ ತೆಗೆಯುವವನ ಕಡೆಗೇ ನಡೆದು ಬರುತ್ತಿದ್ದ. ಮುಖ ಕಾಣುತ್ತಿರಲಿಲ್ಲ. ಒಂದು ಕೈ ಮೇಲೆತ್ತಿದ್ದ, 'ಇಷ್ಟು ಸಾಕಾ' ಎಂದು ಕೇಳುವವನ ಹಾಗೆ. ಅವನ ಬೆನ್ನ ಹಿಂದೆ ಸುರಂಗದ ಬಾಯಿ. ಅದರೊಳಗೆ ಹಳದಿ ಚುಕ್ಕೆ.

"ಅದನ್ನ ದೊಡ್ಡದು ಮಾಡಿ."

ಅಂಗಡಿಯವನು ಮಾಡಿದ. ಚುಕ್ಕೆ ಎಂಜಿನ್ನಿನ ದೀಪವಾಯಿತು. ಅಂಗಡಿಯವನ ಕೈ ಮೌಸಿನ ಮೇಲೇ ನಿಂತುಹೋಯಿತು. ದಿನಾ ನೋಡಿದ್ದ ಚಿತ್ರ, ಅದರ ಅರ್ಥ ಅವನಿಗೆ ಈಗ ಆಗಿತ್ತು.

"ಇದು ಯಾವಾಗ ತೆಗೆದಿದ್ದು ಅಂತ ಸಿಗುತ್ತಾ?"

ಸಿಕ್ಕಿತು. ಕ್ಯಾಮೆರಾ ತಾನಾಗಿಯೇ ನಮೂದಿಸಿದ ದಿನ ಜುಲೈ ಹತ್ತೊಂಬತ್ತು, ಬೆಳಗ್ಗೆ 11-42. ನಯನ ಅಂಗಡಿಯಿಂದಲೇ ಘಟ್ಟದ ಆ ಭಾಗದ ರೈಲ್ವೆ ಪೊಲೀಸರಿಗೆ ಫೋನ್ ಮಾಡಿದಳು. ಆ ದಿನ ಹಳಿಯ ಮೇಲೆ ಯಾರಾದರೂ ಸತ್ತಿದ್ದಾರಾ?

"ಸತ್ತಿದ್ದಾನೆ ಮೇಡಂ, ನಿಮ್ಮ ಕಡೆಯವನೇ" ಎಂದು ಅಲ್ಲಿಯ ಸಬ್ ಇನ್ಸ್‌ಪೆಕ್ಟರ್ ಹೇಳಿದ. "ತಾಳಗುಂದದ ಮಾಳೇಶ, ಇಪ್ಪತ್ತಾರು ವರ್ಷ. ತಾಯಿ ಹೆಸರು ಈಶ್ವರಮ್ಮ. ಖಾಲಿ ಎಂಜಿನ್ ಬಡಿದಿದೆ. ಚಾಲಕ ಹಾರ್ನ್ ಹೊಡೆದಿದ್ದಾನೆ, ಹೊಳೆ ಸದ್ದಿಗೆ, ಕಂಬಳಿಗೆ ಕೇಳಿಸಿಲ್ಲ. ಹನ್ನೊಂದೂ ಮುಕ್ಕಾಲರ ಸುಮಾರಿಗೆ. ಒಬ್ಬನೇ ಬಂದಿದ್ದ, ಸೆಲ್ಫಿ ತೆಗೆಯೋಕೆ ಹೋಗಿ ಹೀಗಾಯ್ತು ಅಂತ ಹೇಳಿಕೆ ಇದೆ."

"ಯಾರ ಹೇಳಿಕೆ?"

"ಅವನ ಸ್ನೇಹಿತಂದು. ಸೊರಬದವನು. ವೈಭವ್ ಅಂತ. ಆವತ್ತು ತನಗೆ ಜ್ವರ, ಮನೇಲಿ ಮಲಗಿದ್ದೆ, ಬೇಡ ಅಂದ್ರೂ ಮಾಳೇಶ ಹೋದ ಅಂದಿದ್ದ."

ನಯನ ಫೋನಿಟ್ಟಳು. ಅಂಗಡಿಯವನು ನೀರು ತಂದುಕೊಟ್ಟ, ಕುಡಿಯಲಿಲ್ಲ. ಆ ಚಿತ್ರವನ್ನು ಮಹಜರು ಮಾಡಿ ವಶಕ್ಕೆ ಪಡೆದು, ಪಂಚಾಕ್ಷರಪ್ಪ ಮತ್ತು ವಾಣಿಶ್ರೀ ಕಾಯುತ್ತಿದ್ದ ಜೀಪು ಹತ್ತಿದಳು.

"ತಾಳಗುಂದಕ್ಕೆ. ಮಾಳೇಶ ಅನ್ನೋನ ಮನೆ" ಎಂದಳು.

ಪಂಚಾಕ್ಷರಪ್ಪ ದಾರಿಯುದ್ದಕ್ಕೂ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದ.

ಜೋಳ ಮುರಿದ ಹೊಲದಲ್ಲಿ ಕುರಿಗಳು ಮೇಯುತ್ತಿದ್ದವು. ಬದುವಿನ ಹತ್ತಿರ ಹಸಿರು ಸೀರೆಯ ಹೆಂಗಸೊಬ್ಬಳು ಕುರಿಯ ಕಾಲಿಗೆ ಮುಲಾಮು ಹಚ್ಚುತ್ತಿದ್ದಳು. ಪಕ್ಕದಲ್ಲಿ ಕಾಲೇಜು ಓದುವ ವಯಸ್ಸಿನ ಹುಡುಗಿ, ಮಗಳು ಮಧುಶ್ರೀ. ಜೀಪು ಕಂಡೊಡನೆ ಹೆಂಗಸು ಕೈ ಒರೆಸಿಕೊಂಡು ಎದ್ದು ನಿಂತಳು.

"ಈಶ್ವರಮ್ಮ ನೀವೇನಾ?"

"ನಾನೇ ರೀ. ನೀವು ಬರ್ತೀರಿ ಅಂತ ಗೊತ್ತಿತ್ತು. ಮಧೂ, ಕುರಿ ನೋಡ್ಕೊ."

ಮನೆ ಹತ್ತಿರವೇ ಇತ್ತು. ಈಶ್ವರಮ್ಮ ಒಳಗಿನಿಂದ ಕತ್ತರಿ ತಂದು ಜಗಲಿಯ ಮೇಲಿಟ್ಟಳು. ಆಮೇಲೆ ದೇವರ ಗೂಡಿನಿಂದ ಅಂಗೈಯಗಲದ ಚಿತ್ರದ ಚೂರನ್ನು ತಂದಳು. ಅದನ್ನು ಮಾತ್ರ ಕೆಳಗಿಡದೆ ಕೈಯಲ್ಲೇ ಹಿಡಿದುಕೊಂಡಳು.

"ಮುಖ ಕಾಣೋದಿಲ್ಲವಲ್ಲಮ್ಮ. ಮಗ ಅಂತ ಹೆಂಗೆ ಗೊತ್ತಾಯ್ತು?"

"ಮೊದ್ಲು ಮಧು ನೋಡಿದ್ದು ರೀ, ಕಾಲೇಜಿನವರು ಕರ್ಕೊಂಡು ಹೋಗಿದ್ರು. ಶನಿವಾರ ಮಧ್ಯಾಹ್ನ ಅಳ್ತಾ ಬಂದ್ಲು. ನಾನೂ ಹೋದೆ. ಆ ಕಂಬಳಿ ಉಣ್ಣೆ ನಾನೇ ನೂತಿದ್ದು. ಅವನು ಎಡಗಾಲು ಒಂಚೂರು ಹೊರಗೆ ಹಾಕಿ ನಡೀತಿದ್ದ, ಸಣ್ಣವನಿದ್ದಾಗ ಬಿದ್ದು ಮುರ್ಕೊಂಡಿದ್ದ. ಹೆತ್ತೋಳಿಗೆ ಮುಖ ಬೇಕೇನ್ ರೀ?"

ನಯನ ಜಗಲಿಯ ಅಂಚಿನಲ್ಲಿ ಕೂತಳು.

"ಆ ಹುಡುಗನ ಹಿಂದೆ ಬ್ಯಾಗ್ ಹೊತ್ಕೊಂಡು ಹೋಗ್ತಿದ್ದ ನನ್ ಮಗ. ರೈಲಂದ್ರೆ ಜೀವ. ನಮ್ಮೂರಾಗೆ ರೈಲೇ ಇಲ್ಲ, ಅದ್ಕೇ ಅಷ್ಟು ಆಸೆ. 'ಅಣ್ಣ ನಂಗೂ ಫೋಟೋ ಕಲಿಸ್ತಾನೆ' ಅಂತಿದ್ದ. ಸತ್ತ ಮೇಲೆ ಆ ಹುಡುಗ ಇಲ್ಲೇ ಬಂದು ಕೂತ್ಕೊಂಡ. 'ನಾನು ಹೋಗ್ಬೇಡ ಅಂದಿದ್ದೆ, ಅಮ್ಮ' ಅಂದ. ನಾನೇ ಅವ್ನಿಗೆ ಚಾ ಕಾಯ್ಸಿ ಕೊಟ್ಟೆ." ಈಶ್ವರಮ್ಮನ ದನಿ ಗಡುಸಾಯಿತು. "ಪೇಪರ್‌ನಾಗೆ 'ಸೆಲ್ಫಿ ಹುಚ್ಚಿಗೆ ಬಲಿ' ಅಂತ ಬಂತು. ಊರಾಗೆ ಅದನ್ನೇ ಆಡ್ಕೊಂಡ್ರು. ಈಗಿನ ಹುಡುಗ್ರಿಗೆ ಬುದ್ಧಿ ಇಲ್ಲ ಅಂದ್ರು. ನಾನೂ ಬೈಕೊಂಡೆ ರೀ, ಸತ್ತ ಮಗನ್ನ. ಎಷ್ಟು ಬೈದೆನೋ! ನಿನ್ ಹುಚ್ಚಿಗೆ ನನ್ನ ಬಿಟ್ಟು ಹೋದ್ಯಲ್ಲೋ ಅಂತ."

"ಉಳಿದ ಚಿತ್ರಗಳನ್ನ ಯಾಕೆ ಕತ್ತರಿಸಿದ್ರಿ?"

"ಇವನನ್ನ ಬಿಡಿಸ್ಕೊಂಡ್ ಬರಾಕೆ ಅಂತ್ಲೇ ಹೋಗಿದ್ದು. ಬಿಡಿಸ್ಕೊಂಡೆ. ತಿರುಗಿ ನೋಡಿದ್ರೆ ಸುತ್ತಾ ರೈಲು. ಎಲ್ಲಾವೂ ಇವನ ಮೇಲೇ ಬರ್ತಾ ಇದ್ದಂಗೆ ಕಂಡ್ವು. ಆಮೇಲೆ ಕೈ ನಿಲ್ಲಲಿಲ್ಲ."

"ಶನಿವಾರವೇ ಠಾಣೆಗೆ ಬಂದು ಹೇಳಬಹುದಿತ್ತಲ್ಲಮ್ಮ."

ಈಶ್ವರಮ್ಮ ತಲೆಯೆತ್ತಿದಳು. "ಬಂದಿದ್ವಲ್ಲ ರೀ, ನಾನೂ ಮಗಳೂ. ಸಂಜಿ ತನಕ ಕುಂತಿದ್ವಿ. ಇವ್ರೇ ಇದ್ರು." ಅವಳು ಪಂಚಾಕ್ಷರಪ್ಪನ ಕಡೆ ಕೈ ತೋರಿಸಿದಳು. "'ಘಟ್ಟ ನಮ್ಮ ಹದ್ದಲ್ಲ, ರೈಲ್ವೆಯವ್ರ ಹತ್ರ ಹೋಗು' ಅಂದ್ರು. 'ದೊಡ್ಡವ್ರ ಮನೆ ಹುಡುಗನ ಮೇಲೆ ಸುಮ್ನೆ ಗೂಬೆ ಕೂರಿಸ್ಬ್ಯಾಡ' ಅಂದ್ರು. ಅರ್ಜಿ ಮುಟ್ಟಿನೂ ನೋಡ್ಲಿಲ್ಲ."

ಆ ಸಂಜೆ ನಯನ ಬಂದೋಬಸ್ತಿಗೆ ಹೋಗಿದ್ದಳು. ಠಾಣೆ ಪಂಚಾಕ್ಷರಪ್ಪನ ಜವಾಬ್ದಾರಿಯಲ್ಲಿತ್ತು. ಅವಳು ಅವನ ಮುಖ ನೋಡಿದಳು. ಅವನು ಕುರಿಗಳನ್ನು ನೋಡುತ್ತಿದ್ದ.

ಕತ್ತರಿಯನ್ನೂ ಚೂರನ್ನೂ ಜಪ್ತಿ ಮಾಡಬೇಕಿತ್ತು. ವಾಣಿಶ್ರೀ ಲಕೋಟೆ ಹಿಡಿದು ನಿಂತಳು. ಈಶ್ವರಮ್ಮ ಕೊಡಲಿಲ್ಲ.

"ವಾಪಸ್ ಕೊಡ್ತೀರಾ?"

"ಕೋರ್ಟು ಹೇಳಿದ ಮೇಲೆ ಕೊಡಿಸ್ತೀನಿ. ಇದು ಈಗ ಸಾಕ್ಷಿ ಅಮ್ಮ. ನಿಮ್ಮ ಕೇಸಿಗಿಂತ ಹೆಚ್ಚಾಗಿ ನಿಮ್ಮ ಮಗನ ಕೇಸಿಗೆ."

ಆ ಮಾತು ಅರ್ಥವಾಗಲು ಈಶ್ವರಮ್ಮನಿಗೆ ಕೊಂಚ ಹೊತ್ತು ಹಿಡಿಯಿತು. ಆಮೇಲೆ ತಾನೇ ಚೂರನ್ನು ಲಕೋಟೆಯೊಳಗೆ ಇಟ್ಟಳು. ಮಧ್ಯಾಹ್ನ ಒಂದೂವರೆಗೆ ಅವಳನ್ನು ದಸ್ತಗಿರಿ ಮಾಡಲಾಯಿತು. ಜೀಪಿನಲ್ಲಿ ವಾಣಿಶ್ರೀ ಅವಳ ಪಕ್ಕ ಕೂತು ಊರು ದಾಟುವವರೆಗೂ ಅವಳ ಕೈ ಹಿಡಿದುಕೊಂಡಿದ್ದಳು. ಅದು ನಿಯಮದಲ್ಲಿ ಇರಲಿಲ್ಲ. ನಯನ ಕಂಡೂ ಕಾಣದ ಹಾಗಿದ್ದಳು.

ಠಾಣೆ ತಲುಪಿದ ಮೇಲೆ ಅವಳು ಪಂಚಾಕ್ಷರಪ್ಪನನ್ನು ಒಳಕೋಣೆಗೆ ಕರೆದಳು.

"ಎಲ್ಲೇ ನಡೆದಿರ್ಲಿ, ಯಾವ ಠಾಣೆಗೆ ಬಂದ್ರೂ ದೂರು ತಗೊಳ್ಳಬೇಕು, ಜೀರೋ ಎಫ್‌ಐಆರ್ ಮಾಡಿ ಆ ಠಾಣೆಗೆ ಕಳಿಸ್ಬೇಕು. ಗೊತ್ತಿತ್ತಾ ಇಲ್ವಾ?"

"ಗೊತ್ತಿತ್ತು ಮೇಡಂ."

"ಮತ್ತೆ?"

"ರಘುಪತಿಯವ್ರ ಮಗ ಅಂತ... ಸುಮ್ನೆ ಯಾಕೆ ತಲೆನೋವು ಅಂದ್ಕೊಂಡೆ."

"ನಿಮ್ಮ ತಲೆನೋವು ತಪ್ಪಿಸ್ಕೊಳ್ಳೋಕೆ ಆ ತಾಯಿ ಕೈಗೆ ಕತ್ತರಿ ಕೊಟ್ರಿ ನೀವು!" ನಯನ ಮೇಜಿಗೆ ಗುದ್ದಿದ ಸದ್ದಿಗೆ ಹೊರಗೆ ಕೂತವರೆಲ್ಲ ತಿರುಗಿ ನೋಡಿದರು. "ಶನಿವಾರ ನೀವು ಬರ್ಕೊಂಡಿದ್ರೆ ಇವತ್ತು ಅವ್ರು ಆರೋಪಿ ಆಗ್ತಿರ್ಲಿಲ್ಲ. ಮಗನನ್ನೂ ಕಳ್ಕೊಂಡ್ರು, ಈಗ ಕೋರ್ಟಿಗೂ ಅಲೀಬೇಕು. ಯಾರಿಗೋಸ್ಕರ? ಹೋಗಿ, ಈಗ ಬರ್ಕೊಳ್ಳಿ. ಅವ್ರ ಎದುರು ಕೂತು, ಅವ್ರು ಹೇಳಿದ ಹಾಗೇ, ಒಂದಕ್ಷರ ಬಿಡದೆ. ಆಮೇಲೆ ನಿಮ್ಮ ಮೇಲಿನ ವರದಿ ನಾನು ಬರೀತೀನಿ."

ಪಂಚಾಕ್ಷರಪ್ಪ ಈಶ್ವರಮ್ಮನ ಎದುರು ಕೂತು ಬರೆದ. ಅವಳು ನಿಧಾನವಾಗಿ ಹೇಳಿದಳು, ಕೊನೆಗೆ ಸಹಿ ಹಾಕಿದಳು. ಸಂಜೆಯೊಳಗೆ ಅವಳಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು. ಜೀರೋ ಎಫ್‌ಐಆರ್ ರೈಲ್ವೆ ಪೊಲೀಸರಿಗೆ ಹೋಯಿತು.

ರಘುಪತಿಯವರ ಪರವಾಗಿ ಮತ್ತೆ ಫೋನು ಬಂತು. "ಚಿತ್ರ ಹರಿದವರು ಸಿಕ್ಕರಂತೆ, ಒಳ್ಳೇ ಕೆಲಸ ಮಾಡಿದ್ರಿ ಮೇಡಂ" ಎಂದಿತು ಆ ದನಿ.

"ಹೌದು, ಸಿಕ್ಕರು" ಎಂದಳು ನಯನ. "ಇನ್ನೊಬ್ಬರು ಉಳಿದಿದ್ದಾರೆ."

ಬುಧವಾರ ಹನ್ನೆರಡು ಗಂಟೆಗೆ ರೈಲ್ವೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ಜೊತೆ ಅವಳು ಸೊರಬದ ಮುಖ್ಯರಸ್ತೆಯಲ್ಲಿದ್ದ ವೈಭವನ ಸ್ಟುಡಿಯೋದ ಮೆಟ್ಟಿಲು ಹತ್ತಿದಳು. ಅವನು ತನ್ನ ದೂರಿನ ಬಗ್ಗೆ ಮಾತಾಡಲು ಬಂದಿದ್ದಾರೆಂದುಕೊಂಡು ಕುರ್ಚಿ ಎಳೆದ.

"ಜುಲೈ ಹತ್ತೊಂಬತ್ತು ಎಲ್ಲಿದ್ರಿ?" ನಯನ ನಿಂತೇ ಕೇಳಿದಳು.

"ಜ್ವರ ಇತ್ತು. ಮನೇಲಿದ್ದೆ."

ಅವಳು ಮೂಲ ಚಿತ್ರದ ಪ್ರತಿಯನ್ನು ಮೇಜಿನ ಮೇಲಿಟ್ಟಳು. "ಇದು ಯಾರು?"

"ಯಾರೋ ಟ್ರ್ಯಾಕ್‌ಮನ್ ಮೇಡಂ. ಹೆಸ್ರು ಕೇಳ್ಲಿಲ್ಲ."

"ಮನೇಲಿ ಜ್ವರದಲ್ಲಿ ಮಲಗಿದ್ದವರು ಟ್ರ್ಯಾಕ್‌ಮನ್ ಹೆಸ್ರು ಎಲ್ಲಿ ಕೇಳ್ತೀರಿ?"

ನಯನ ಚಿತ್ರದ ದಿನ, ವೇಳೆ ಎರಡನ್ನೂ ಓದಿ ಹೇಳಿದಳು. "ಖಾಲಿ ಎಂಜಿನ್ ಯಾವಾಗ ಇಳೀತದೆ ಅಂತ ನಿಮ್ಗೆ ಬಾಯಿಪಾಠ. ನೀವೇ ಹೇಳಿದ್ರಿ. ಅವನಿಗೆ ಹೇಳಿದ್ರಾ?"

ಕೆಟ್ಟಿದೆ ಎಂದಿದ್ದ ಹಾರ್ಡ್ ಡಿಸ್ಕ್ ಕಪಾಟಿನಲ್ಲಿ ಸಿಕ್ಕಿತು. ಕೆಟ್ಟಿರಲಿಲ್ಲ. ಆ ದಿನದ ಚಿತ್ರಗಳು ಅದರಲ್ಲಿ ಸಾಲಾಗಿ ಇದ್ದವು. ಒಂದನ್ನೂ ಅವನು ಅಳಿಸಿರಲಿಲ್ಲ. ಮೊದಲಿನದರಲ್ಲಿ ಸುರಂಗ ಕತ್ತಲು. ಮುಂದಿನದರಲ್ಲಿ ದೀಪ. ಅದರ ಮುಂದಿನದರಲ್ಲಿ ದೀಪ ಹತ್ತಿರ. ಒಂದಾದ ಮೇಲೊಂದರಲ್ಲಿ ಎಂಜಿನ್ ಬೆಳೆಯುತ್ತ ಹೋಯಿತು, ಕಂಬಳಿಯ ಮನುಷ್ಯ ಕೈಯೆತ್ತಿಕೊಂಡು ನಡೆಯುತ್ತಲೇ ಇದ್ದ. ಕ್ಯಾಮೆರಾ ಒಂದು ಸಲವೂ ಅಲುಗಿರಲಿಲ್ಲ. ರೈಲ್ವೆಯ ಸಬ್ ಇನ್ಸ್‌ಪೆಕ್ಟರ್ "ಸಾಕು" ಎಂದು ಪರದೆಯಿಂದ ಮುಖ ತಿರುಗಿಸಿದ. ನಯನ ಕೊನೆಯ ಚಿತ್ರದವರೆಗೂ ನೋಡಿದಳು. ಯಾರಾದರೂ ಒಬ್ಬರು ನೋಡಬೇಕಿತ್ತು.

"ದೀಪ ಕಂಡಿತ್ತಲ್ಲ. ಯಾಕೆ ಕೂಗ್ಲಿಲ್ಲ?"

ವೈಭವ್ ತನ್ನ ಬೆರಳುಗಳನ್ನು ನೋಡಿಕೊಂಡ. "ಕೂಗಿದ್ರೆ ಅವ ತಿರುಗ್ತಿದ್ದ ಮೇಡಂ. ಬೆಳಗಿನಿಂದ ಕಾದಿದ್ವಿ. ಮಂಜು ಆಗ ತಾನೇ ಬಿಟ್ಟಿತ್ತು. ಮಾಳೇಶನೂ ಖುಷಿಯಾಗಿದ್ದ. ಇನ್ನೊಂದು ತೆಗೆದು ಕೂಗುವ ಅಂದ್ಕೊಂಡೆ. ಆಮೇಲೆ ಇನ್ನೊಂದು. ಅಷ್ಟೇ ಮೇಡಂ. ನಂಗೆ ಅವನ ಮೇಲೆ ದ್ವೇಷ ಎಂಥದ್ದೂ ಇರ್ಲಿಲ್ಲ."

ದ್ವೇಷವಿರಲಿಲ್ಲ ಎಂಬುದನ್ನು ನಯನ ನಂಬಿದಳು. ಅವಳ ಮೈ ಉರಿದದ್ದು ಅದಕ್ಕೇ. ದ್ವೇಷ ಇದ್ದಿದ್ದರೆ ಆ ಕ್ಷಣದಲ್ಲಿ ಅವನ ಕಣ್ಣಿಗೆ ಮಾಳೇಶ ಒಬ್ಬ ಮನುಷ್ಯನಾಗಿಯಾದರೂ ಕಂಡಿರುತ್ತಿದ್ದ.

"ಬಹುಮಾನಕ್ಕೆ ಯಾಕೆ ಕಳಿಸಿದ್ರಿ?"

"ಮುಖ ಕಾಣ್ತಿರ್ಲಿಲ್ಲವಲ್ಲ."

ದಸ್ತಗಿರಿ ಪತ್ರಕ್ಕೆ ಸಹಿ ಹಾಕುವಾಗ ರಘುಪತಿಯವರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಏನು ಎತ್ತ ಎಂದು ಕೂಗಾಡಿದರು, ಯಾರ್ಯಾರ ಹೆಸರೋ ಹೇಳಿದರು. ಪರದೆಯ ಮೇಲೆ ಹಾಗೇ ಉಳಿದಿದ್ದ ಚಿತ್ರ ಕಣ್ಣಿಗೆ ಬಿದ್ದ ಮೇಲೆ ಮಗನ ಮುಖ ನೋಡದೆ ಗೋಡೆ ಹಿಡಿದುಕೊಂಡು ಅಲ್ಲೇ ಕೂತರು.

ವೈಭವ್ ಜೀಪಿನ ಮೆಟ್ಟಿಲ ಮೇಲೆ ಕಾಲಿಟ್ಟವನು ತಿರುಗಿದ.

"ಮೇಡಂ, ಆ ಹಾರ್ಡ್ ಡಿಸ್ಕ್ ಸ್ವಲ್ಪ ಜೋಪಾನ. ಅದರಲ್ಲಿರೋದಕ್ಕೆ ಬೇರೆ ಕಾಪಿ ಇಲ್ಲ."

ಬಾಯಿ ತೆರೆದರೆ ಸಮವಸ್ತ್ರದಲ್ಲಿ ಆಡಬಾರದ ಮಾತು ಬರುತ್ತದೆಂದು ನಯನಳಿಗೆ ಗೊತ್ತಿತ್ತು. ಅವನನ್ನು ಒಳಗೆ ಕೂರಿಸಿ ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಬಡಿದಳು. ರೈಲ್ವೆ ಪೊಲೀಸರ ಜೀಪು ಎರಡೂಕಾಲು ಗಂಟೆಗೆ ಸೊರಬ ಬಿಟ್ಟಿತು.